ತುಳಿ, ಹಿಡಿ, ಬಿಡು

ಹಳೆಯ ವಸ್ತುಗಳಿಗೆ ರೋಗ ಬಂದರೆ ನಾವು ಔಷಧಿ ಮಾಡುವುದಿಲ್ಲ. ಆ ರೋಗಕ್ಕೆ ತಕ್ಕ ಹಾಗೆ ನಾವೇ ಬದಲಾಗುತ್ತೇವೆ. ನಮ್ಮ ಮನೆಯ ಗೋಡೆ ಗಡಿಯಾರವನ್ನು ನೆಟ್ಟಗೆ ತೂಗುಹಾಕಿದರೆ ನಿಂತುಹೋಗುತ್ತದೆ, ಸ್ವಲ್ಪ ಎಡಕ್ಕೆ ವಾಲಿಸಿದರೆ ಓಡುತ್ತದೆ. ಆದ್ದರಿಂದ ಗಂಟೆ ನೋಡುವಾಗ ನಾವೆಲ್ಲರೂ ಕತ್ತನ್ನು ಎಡಕ್ಕೆ ವಾಲಿಸುತ್ತೇವೆ. ಬೇರೆಯವರ ಮನೆಯ ನೆಟ್ಟಗಿನ ಗಡಿಯಾರದ ಮುಂದೆಯೂ ವಾಲಿಸುತ್ತೇವೆ. ಹಿತ್ತಿಲ ಬಾಗಿಲನ್ನು ಮೊಣಕಾಲಿನಿಂದ ಒಂದಿಷ್ಟು ಮೇಲೆತ್ತದೆ ಚಿಲಕ ಬೀಳುವುದಿಲ್ಲ. ಮೈಸೂರಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಹಾಸ್ಟೆಲಿನ ಬಾಗಿಲನ್ನೂ ನಾನು ಹಾಗೆಯೇ ಮೊಣಕಾಲು ಕೊಟ್ಟು ಮುಚ್ಚುತ್ತಿದ್ದೆ. ಕೋಣೆಯ ಗೆಳತಿ ಬಹಳ ದಿನ ನೋಡಿ, ಇದು ಕೊಯಮತ್ತೂರು ಕಡೆಯ ಸಂಪ್ರದಾಯವೇ ಎಂದು ಕೇಳಿದಳು. ಹೌದೆಂದುಬಿಟ್ಟೆ. ವಿವರಿಸುವುದಕ್ಕಿಂತ ಒಪ್ಪಿಕೊಳ್ಳುವುದು ಸುಲಭ ಎನ್ನುವುದು ನನ್ನ ಬಹುಕಾಲದ ನಂಬಿಕೆ.

ಈ ಹೊಂದಾಣಿಕೆಯ ವಿದ್ಯೆಯಲ್ಲಿ ನಮ್ಮನ್ನು ಪಂಡಿತರನ್ನಾಗಿ ಮಾಡಿದ್ದು ಅಪ್ಪನ ಕಾರು. ಕೊಯಮತ್ತೂರಿನ ಮಿಲ್ ಮಾಲೀಕರೊಬ್ಬರ ಮಗ ಅದನ್ನು ವಿಲಾಯಿತಿಯಿಂದ ಹಡಗಿನಲ್ಲಿ ತರಿಸಿ, ರೇಸುಗಳಲ್ಲಿ ಓಡಿಸಿ, ಮದುವೆಯಾದ ಮೇಲೆ ಬುದ್ಧಿ ಬಂದು ಬಿಟ್ಟುಬಿಟ್ಟಿದ್ದ. ಗಿಡ್ಡ ಮೈ, ಅಗಲ ಚಕ್ರ, ನಿಂತಲ್ಲೇ ಗುರುಗುಟ್ಟುವ ಎಂಜಿನ್ನು. ಬೇರೆ ಯಾರಾದರೂ ಅದರ ವೇಗ ನೋಡಿ ಕೊಳ್ಳುತ್ತಿದ್ದರು. ಅಪ್ಪ ಕೊಂಡದ್ದು ಅದರ ಹಿಂಬಾಗಿಲು ನೋಡಿ. ಗಾಜಿನ ಸಮೇತ ಆ ಬಾಗಿಲು ಇಡಿಯಾಗಿ ಮೇಲೆದ್ದು ನಿಲ್ಲುತ್ತಿತ್ತು. ಹಿಂದಿನ ಸೀಟನ್ನು ಮಡಚಿದರೆ ನೂಲಿನ ಬಂಡಲುಗಳು ಸಲೀಸಾಗಿ ಒಳಗೆ ಕೂರುತ್ತಿದ್ದವು. ನೇಕಾರರ ಮನೆಯಲ್ಲಿ ಹುಟ್ಟಿ, ಎಂಟನೆಯ ವಯಸ್ಸಿಗೇ ಗುಂಡಿ ಮಗ್ಗಕ್ಕೆ ಇಳಿದು, ಮದುವೆಯಾಗಿ ನಾನು ಹುಟ್ಟುವವರೆಗೂ ನೇಯ್ದು, ಆಮೇಲೆ ನೂಲಿನ ವ್ಯಾಪಾರಕ್ಕೆ ಬಂದವರು ಅಪ್ಪ. ಅವರ ಕಣ್ಣಿಗೆ ಅದು ಬಾಗಿಲಿದ್ದ ಎತ್ತಿನ ಗಾಡಿ. ರೇಸಿನ ಕುದುರೆ ತಿರುಪ್ಪೂರಿನಿಂದ ನೂಲು ಹೊರುತ್ತಾ, ಮೂರನೆಯ ಗೇರಿಗಿಂತ ಮೇಲೆ ಹೋಗದೆ, ದಾರಿಯುದ್ದಕ್ಕೂ ಅವಮಾನದಿಂದ ಗುರುಗುಟ್ಟುತ್ತಿತ್ತು. ಅದರ ಮೂತಿಯಿಂದ ನೆತ್ತಿಯವರೆಗೆ ಎರಡು ಬಿಳಿಯ ಪಟ್ಟೆಗಳಿದ್ದವು. ಅಮ್ಮ ಮೊದಲ ದಿನ ಆರತಿ ಎತ್ತುವಾಗಲೇ, "ಏನುಂಗ, ನಾವು ಚೌಡೇಶ್ವರಿ ಒಕ್ಕಲು, ಇದು ನಾಮ ಹಾಕ್ಕೊಂಡು ಬಂದಿದೆಯಲ್ಲ?" ಎಂದರು. ಅಪ್ಪ, "ಕಾರಮಡೈ ರಂಗನಾಥನ ಒಕ್ಕಲು ಅಂತ ಇಟ್ಕೋ, ಬಿಡು," ಎಂದರು. ಅಂದಿನಿಂದ ಶನಿವಾರಗಳಂದು ಅಮ್ಮ ಅದಕ್ಕೊಂದು ತುಳಸಿ ಎಲೆ ಸಿಕ್ಕಿಸುವುದು ರೂಢಿಯಾಯಿತು.

ಈ ಕಾರಿಗೆ ಎರಡು ರೋಗಗಳಿದ್ದವು. ಒಂದು ಸ್ಟಿಯರಿಂಗಿನದು. ಚಕ್ರವನ್ನು ಗೇಣುದ್ದ ತಿರುಗಿಸುವವರೆಗೂ ಕಾರಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಅಪ್ಪ ನೆಟ್ಟಗಿನ ರಸ್ತೆಯಲ್ಲೂ ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿಸುತ್ತಲೇ ಇರುತ್ತಿದ್ದರು, ತೊಟ್ಟಿಲು ತೂಗುವವರ ಹಾಗೆ. ತಿರುವು ಬಂದಾಗಲಂತೂ ಅದು ಕಣ್ಣಿಗೆ ಬೀಳುವ ಮೊದಲೇ ತಿರುಗಿಸಲು ಶುರು ಮಾಡುತ್ತಿದ್ದರು. ಇನ್ನೊಂದು ಬ್ರೇಕಿನದು. ಮೊದಲ ಸಲ ತುಳಿದರೆ ನೆನೆದ ಹತ್ತಿ ತುಳಿದ ಹಾಗೆ ಕಾಲು ನೆಲಕ್ಕೆ ಹೋಗುತ್ತಿತ್ತು. ಎರಡನೆಯ ಸಲಕ್ಕೆ ಏನೋ ಇದೆ ಅನ್ನಿಸುತ್ತಿತ್ತು. ಮೂರನೆಯ ಸಲ ತುಳಿದರೆ ಕಾರು ನಿಲ್ಲುತ್ತಿತ್ತು. ಹಾಗಾಗಿ ಅಪ್ಪ ಯಾವಾಗಲೂ ಮೂರು ಸಲ ತುಳಿಯುತ್ತಿದ್ದರು. ಅದು ರೋಗ ಎಂಬುದೇ ನಮಗೆ ಮರೆತುಹೋಗಿತ್ತು. ಬ್ರೇಕುಗಳ ಸ್ವಭಾವವೇ ಹಾಗೆ ಎಂದು ನಾನು ಕಾಲೇಜು ಸೇರುವವರೆಗೂ ತಿಳಿದಿದ್ದೆ.

ಬೇರೆ ಬೀದಿಯಲ್ಲಾದರೆ ಇದು ಹೀಗೆಯೇ ನಡೆದುಹೋಗುತ್ತಿತ್ತೇನೋ. ನಮ್ಮದು ನೇಕಾರರ ಬೀದಿ. ಬೆಳಗಿನ ಹೊತ್ತು ಅದು ಮನುಷ್ಯರದ್ದಲ್ಲ, ಹಾಸಿನದು. ಮಗ್ಗಕ್ಕೆ ಏರಿಸಬೇಕಾದ ಉದ್ದನೆಯ ನೂಲುಗಳನ್ನು ಬೀದಿಯುದ್ದಕ್ಕೂ ಕವೆಗೋಲುಗಳ ಮೇಲೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ಬಾಚಿ, ಬಿಸಿಲೇರುವ ಮೊದಲು ಒಣಗಿಸುತ್ತಾರೆ. ನಾಯಿಗಳು ಕೂಡ ಅದರ ಕೆಳಗೆ ಬಗ್ಗಿ ನಡೆಯುತ್ತವೆ. ಈ ಹಾಸಿನ ನೂಲಿಗೆ ಏನಾದರೂ ತಗುಲಿ ಎಳೆಗಳು ಕಡಿದರೆ ಒಂದು ಮನೆಯ ಅಷ್ಟು ದಿನದ ಅನ್ನ ಹೋದ ಹಾಗೆ. ಅಪ್ಪ ಬೆಳಿಗ್ಗೆ ಕಾರು ಹೊರಡಿಸಿದರೆ ಅಮ್ಮ ಮುಂದೆ ಓಡಿ, "ಪಾವು ನೋಡ್ಕೊಳ್ರೀ, ವಂಡಿ ಬರ್ತಿದೆ!" ಎಂದು ಕೂಗುತ್ತಿದ್ದರು. ನಾವು ಹಾಸು ಅನ್ನುವುದನ್ನು ಬೀದಿಯಲ್ಲಿ ಪಾವು ಅನ್ನುತ್ತಾರೆ, ಗಾಡಿಯನ್ನು ವಂಡಿ. ಅಮ್ಮನ ಕೂಗಿಗೆ ಹಾರ್ನ್ ಬೇಡವಾಗಿತ್ತು. ಆ ಗಂಟಲು ಬೀದಿಯ ಎರಡು ತುದಿಗೂ ಒಟ್ಟಿಗೇ ಮುಟ್ಟುತ್ತದೆ. ಈ ಸಂಗತಿ ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಒಂದು ಬೆಳಿಗ್ಗೆ ಅಪ್ಪ ಮೂರು ಸಲ ತುಳಿದರೂ ಕಾರು ನಿಲ್ಲಲಿಲ್ಲ. ನಾಲ್ಕನೆಯ ಸಲಕ್ಕೆ ನಿಂತಿತು. ಅಷ್ಟರಲ್ಲಿ ಅದರ ಮೂತಿ ಎದುರುಮನೆಯ ದೇವಕ್ಕನ ಹಾಸನ್ನು ಮೆಲ್ಲಗೆ ಮುಟ್ಟಿತ್ತು. ಒಂದು ಎಳೆಯೂ ಕಡಿಯಲಿಲ್ಲ. ನಂಬರ್ ಪ್ಲೇಟಿಗೆ ಒಂದಿಷ್ಟು ಗಂಜಿ ಅಂಟಿತು, ಅಷ್ಟೆ. ದೇವಕ್ಕ ಕುಂಚ ಹಿಡಿದುಕೊಂಡೇ ಬಂದು ಬಗ್ಗಿ ನೋಡಿ, "ಏನಣ್ಣ, ನಿಮ್ ವಂಡಿ ಹಸಿದ್ಕೊಂಡು ಬಂದಂಗಿದೆ? ಒಳಗೆ ಬಿಸಿ ಗಂಜಿ ಇದೆ, ಉಪ್ಪು ಹಾಕಿ ಕೊಡ್ಲಾ?" ಎಂದರು. ಬೀದಿ ನಕ್ಕಿತು. ಅಪ್ಪ ನಗಲಿಲ್ಲ. ನೂಲು ಮಾರುವವನ ಗಾಡಿಯೇ ಹಾಸಿನ ಮೇಲೆ ಬಂತು ಎನ್ನುವುದು ಅವರಿಗೆ ತಮಾಷೆಯಾಗಿ ಕಾಣಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಕೊಟ್ಟುಬಿಡ್ತೀನಿ," ಎಂದರು. ಕೊಳ್ಳುವವರು ಸಿದ್ಧವಾಗಿಯೇ ಇದ್ದರು. ಕಾರಮಡೈ ಹತ್ತಿರ ಬಾಳೆತೋಟ ಮಾಡಿಕೊಂಡಿದ್ದ, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ ಆಡುವ ಗೌಡರು. ಒಮ್ಮೆ ಅಪ್ಪನ ಜೊತೆ ಮೇಟ್ಟುಪಾಳಯಂವರೆಗೆ ಕೂತು ಹೋಗಿ, ಈ ಕಾರು ಯಾವಾಗ ಕೊಡುವುದಾದರೂ ನನಗೇ ಎಂದು ಹೇಳಿಟ್ಟಿದ್ದರು. ಅಪ್ಪ ಮಾತು ಕೊಟ್ಟುಬಂದರು. ಆದರೆ ರೋಗಿಷ್ಠ ಗಾಡಿಯನ್ನು ಗೌಡರ ತಲೆಗೆ ಕಟ್ಟುವುದು ಸರಿಯಲ್ಲ, ರಿಪೇರಿ ಮಾಡಿಯೇ ಕೊಡಬೇಕು ಎಂಬುದು ಅವರ ಧರ್ಮ. ಬರುವ ಭಾನುವಾರ ಗೌಡರು ಬಂದು ಓಡಿಸಿ ನೋಡುವುದು ಎಂದಾಯಿತು.

ನಾನು ಇನ್ನಷ್ಟು ಸಾರು ಬಡಿಸಿಕೊಂಡೆ. ಆ ಕಾರು ನನಗೆ ಬೇಕಾಗಿತ್ತು. ಬಹಳ ಬೇಕಾಗಿತ್ತು. ಕಾರಮಡೈ ರಸ್ತೆಯಲ್ಲಿ ರಜೆಯ ಮಧ್ಯಾಹ್ನಗಳಲ್ಲಿ ಅಪ್ಪನೇ ನನಗೆ ಅದನ್ನು ಓಡಿಸಲು ಕಲಿಸಿದ್ದರು. "ಕಾಲೇಜಲ್ಲಿ ಕೆಲಸ ಸಿಕ್ಕಿದ ಮೇಲೆ ನೀನೇ ಓಡಿಸ್ಕೊಂಡು ಹೋಗುವಿಯಂತೆ, ಅಮ್ಮಣಿ," ಎಂದೂ ಹೇಳಿದ್ದರು. ಕೊಯಮತ್ತೂರಿನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕಿತು. ಆ ಮಾತು ಅಪ್ಪನಿಗೆ ಮರೆತುಹೋಯಿತು. ನಾನು ದಿನವೂ ಎರಡು ಬಸ್ಸು ಹಿಡಿದು ಹೋಗುತ್ತಿದ್ದೆ. ನೆನಪಿಸಬಹುದಿತ್ತು. ಆದರೆ ನೆನಪಿಸುವುದು ಎಂದರೆ ಕೇಳುವುದರ ತಂಗಿ, ಕೇಳುವುದು ನನ್ನಿಂದ ಆಗದ ಕೆಲಸ. ಚಿಕ್ಕಂದಿನಲ್ಲಿ ಲಾಡು ಬೇಕಾದರೆ ಡಬ್ಬಿಯ ಪಕ್ಕದಲ್ಲಿ ಪುಸ್ತಕ ಹಿಡಿದು ಕೂರುತ್ತಿದ್ದೆನಂತೆ. ಅಮ್ಮನಿಗೆ ಅರ್ಥವಾಗುತ್ತಿತ್ತು. ಕಾರಿನ ಪಕ್ಕದಲ್ಲೂ ಎಷ್ಟೋ ಸಂಜೆ ಪುಸ್ತಕ ಹಿಡಿದು ಕೂತೆ. ಯಾರಿಗೂ ಅರ್ಥವಾಗಲಿಲ್ಲ, ನೆರಳಿದೆ ಎಂದು ಕೂತಿದ್ದಾಳೆ ಅಂದುಕೊಂಡರು.

ಸ್ಟಿಯರಿಂಗಿನ ರೋಗ ಸುಲಭವಾಗಿ ವಾಸಿಯಾಯಿತು. ಅದರ ದಂಡವನ್ನು ಹಿಡಿದಿಡುವ ಬುಷ್ ಸವೆದು ಹೋಗಿತ್ತು. ವಿಲಾಯಿತಿ ಬುಷ್ ಎಲ್ಲಿಂದ ತರುವುದು? ಕೊಯಮತ್ತೂರಿನಲ್ಲಿ ಲೇತ್ ಇಟ್ಟವರಿಗೆ ಸಮುದ್ರದಾಚೆಯ ಸಾಮಾನು ಎಂದರೆ ಒಂದು ಅಳತೆ ಮಾತ್ರ. ಬೆಳಿಗ್ಗೆ ಕೊಟ್ಟರೆ ಸಂಜೆಗೆ ಹೊಸದು ಕಡೆದುಕೊಟ್ಟರು. ಏನನ್ನೂ ಎಸೆಯದ ಅಪ್ಪ ಹಳೆಯ ಬುಷ್ಷನ್ನು ಬಿಸ್ಕತ್ತಿನ ಡಬ್ಬಿಯೊಂದಕ್ಕೆ ಹಾಕಿ ಜಗಲಿಯ ಕಿಟಕಿಯಲ್ಲಿಟ್ಟರು. ಹೊಸದನ್ನು ಕೂರಿಸಿ, ಹೆಮ್ಮೆಯಿಂದ ಕಾರು ಹೊರಡಿಸಿ, ಬೀದಿಯ ತುದಿಯ ತಿರುವನ್ನು ಎಂದಿನ ಹಾಗೆ ಮುಂಚಿತವಾಗಿಯೇ ತಿರುಗಿಸಿದರು. ಕಾರು ಈಗ ಹೇಳಿದ ಮಾತನ್ನು ಹೇಳಿದ ಕ್ಷಣವೇ ಕೇಳಿತು. ತಿರುವು ಇನ್ನೂ ಬಂದಿರಲಿಲ್ಲ. ಟೀ ಅಂಗಡಿ ಬಂದಿತ್ತು. ಅಪ್ಪ ಮೂರು ಸಲ ತುಳಿದು ನಿಲ್ಲಿಸಿದಾಗ ಕಾರಿನ ಮೂತಿ ಅಂಗಡಿಯ ತೆಂಗಿನ ಗರಿಯ ಚಪ್ಪರದ ಕೆಳಗೆ ನೆರಳಿಗೆ ಹೋಗಿ ನಿಂತಿತ್ತು. ಅಂಗಡಿಯವನು ಗಾಬರಿಯಾಗಲಿಲ್ಲ. ಟೀಯನ್ನು ಎತ್ತರದಿಂದ ಹುಯ್ಯುತ್ತಲೇ, "ಎತ್ತನೆ ಟೀ, ಮುದಲಾಳಿ?" ಎಂದು, ಎಷ್ಟು ಟೀ ಬೇಕೆಂದು ಕೇಳಿದ. ಕಾರಿನ ರೋಗ ಹೋಗಿ ಅಪ್ಪನ ಕೈಯಲ್ಲಿ ಉಳಿದುಕೊಂಡಿತ್ತು.

ಉಳಿದದ್ದು ಬ್ರೇಕು. ಉಕ್ಕಡಂನಲ್ಲಿ ಅಪ್ಪನಿಗೆ ಗೊತ್ತಿದ್ದ ಮೆಕ್ಯಾನಿಕ್ ಒಬ್ಬರಿದ್ದರು. ಒಮ್ಮೆ ಅವರ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಬಿಟ್ಟುಬಂದದ್ದಕ್ಕೆ, ಪಕ್ಕದ ಮೀನು ಮಾರುಕಟ್ಟೆಯ ಗಾಳಿ ಕುಡಿದು ಕಾರು ತಿಂಗಳುಗಟ್ಟಲೆ ನಾರಿತ್ತು. ಅಪ್ಪನ ನೂಲು ಕೊಂಡ ನೇಕಾರರು, ಸೀರೆಗೆ ಅಂಚು ಹಾಕುವುದೋ ಮುಳ್ಳು ತೆಗೆಯುವುದೋ ಎಂದು ಹಾಸ್ಯ ಮಾಡಿದ್ದರು. ಆ ಅನುಭವ ಸಾಕೆಂದು ಅಪ್ಪ ಈ ಸಲ ರಬ್ಬರುಗಳನ್ನೂ ಎಣ್ಣೆಯನ್ನೂ ಮಾತ್ರ ತಂದರು, ವಿಧಾನವನ್ನು ಬಾಯಿಪಾಠ ಮಾಡಿಕೊಂಡು ಬಂದರು. ಚಕ್ರಗಳ ಬಳಿಯ ಹಳೆಯ ರಬ್ಬರುಗಳನ್ನು ಬದಲಿಸಬೇಕು. ಆಮೇಲೆ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಹೊರಗೆ ತಳ್ಳಬೇಕು. ಅದಕ್ಕೆ ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ ಕೂತು ಪೆಡಲು ತುಳಿದು ಹಿಡಿದುಕೊಳ್ಳುವುದು; ಇನ್ನೊಬ್ಬರು ಚಕ್ರದ ಬಳಿ ಕೂತು ಚಿಕ್ಕ ತಿರುಪನ್ನು ಸಡಿಲಿಸಿ, ಎಣ್ಣೆಯ ಜೊತೆ ಗಾಳಿ ಗುಳ್ಳೆಯಾಗಿ ಹೊರಗೆ ಬಂದ ಮೇಲೆ ಬಿಗಿದು, ಬಿಡು ಎನ್ನುವುದು. ತಿರುಪು ಬಿಗಿಯುವವರೆಗೂ ಕಾಲು ಕದಲಬಾರದು. ಕದಲಿದರೆ ಹೋದ ಗಾಳಿ ಹಾಗೆಯೇ ವಾಪಸು. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ; ಅದಕ್ಕೇ ಪೆಡಲು ಮೆತ್ತಗಾಗುವುದು. ಇದನ್ನು ನಾನು ವರ್ಷಕ್ಕೊಮ್ಮೆ ತರಗತಿಯಲ್ಲಿ ಪಾಠ ಮಾಡುತ್ತೇನೆ. ಅಪ್ಪನಿಗೂ ಮಾಡಿದೆ. "ಸರಿ, ಅಷ್ಟು ಗೊತ್ತಿದ್ರೆ ನೀನೇ ಕೆಳಗೆ ಕೂತ್ಕೋ," ಎಂದು ಅವರು ಸೀಟಿಗೆ ಏರಿದರು. ಡ್ರೈವರ್ ಸೀಟು ಯಜಮಾನರದು ಎನ್ನುವುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಶನಿವಾರ ಹಾಸುಗಳೆಲ್ಲ ಎದ್ದ ಮೇಲೆ ಮನೆಯ ಮುಂದೆ ಕೆಲಸ ಶುರುವಾಯಿತು. ರಬ್ಬರುಗಳನ್ನು ಬದಲಿಸಿದ ಮೇಲೆ ನಾನು ಮಗ್ಗದ ಹಳೆಯ ಮಣೆಯ ಮೇಲೆ, ಮಡಿಲಲ್ಲಿ ಸೀಸೆ ಇಟ್ಟುಕೊಂಡು, ಹಿಂದಿನ ಚಕ್ರದ ಬಳಿ ಕೂತೆ. "ತುಳೀರಿ," ಎಂದೆ. ತುಳಿದರು. "ಹಿಡೀರಿ." "ಹಿಡಿದೆ." ತಿರುಪು ಸಡಿಲಿಸಿದೆ, ಗುಳ್ಳೆ ಬಂತು, ಬಿಗಿದೆ. "ಬಿಡಿ." ಮತ್ತೆ ತುಳಿ, ಮತ್ತೆ ಗುಳ್ಳೆ. ಗುಳ್ಳೆ ನಿಲ್ಲಲೇ ಇಲ್ಲ. ಬಿಸಿಲು ನಮ್ಮ ಗೋಡೆಯಿಂದ ದೇವಕ್ಕನ ಗೋಡೆಗೆ ದಾಟಿತು. ತಂದ ಎಣ್ಣೆ ಅರ್ಧ ಸೀಸೆಗೆ ಬಂತು. ಪೆಡಲು ಮಾತ್ರ ಮೊದಲಿಗಿಂತ ಮೆತ್ತಗಾಗಿತ್ತು. "ಈ ವಂಡಿ ಒಳಗೇ ಗಾಳಿ ಉತ್ಪತ್ತಿ ಆಗ್ತಿದೆ, ಅಮ್ಮಣಿ," ಎಂದರು ಅಪ್ಪ. ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅಮ್ಮ, "ವಂಡಿಗೂ ವಾಯು! ಇದನ್ನೇ ಎರಡು ಎಸಳು ತುರುಕಿ ನೋಡಿ," ಎಂದರು.

ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಎದ್ದು ತೆರೆದ ಬಾಗಿಲ ಹತ್ತಿರ ಬಂದವಳು ಅಪ್ಪನ ಕಾಲುಗಳನ್ನು ನೋಡಿದೆ. "ಇನ್ನೊಂದು ಸಲ ತುಳೀರಿ," ಎಂದೆ. ಬಲಗಾಲು ಇಳಿಯಿತು. "ಹಿಡೀರಿ," ಎಂದೆ. "ಹಿಡಿದೆ," ಎಂದರು ಅಪ್ಪ, ಪೂರ್ಣ ನಂಬಿಕೆಯಿಂದ. ಅಷ್ಟರಲ್ಲಿ ಎಡಗಾಲು ಮೆತ್ತಗೆ ಕ್ಲಚ್ಚಿನ ಮೇಲೆ ಇಳಿಯಿತು, ಬಲಗಾಲು ಅಷ್ಟೇ ಮೆತ್ತಗೆ ಮೇಲೆದ್ದಿತು. ಆಮೇಲೆ ಬಲ ಇಳಿದು ಎಡ ಎದ್ದಿತು. ಮುಖ ಮಾತ್ರ ಮುಂದಿನ ಗಾಜನ್ನು ನೋಡುತ್ತಾ ಪೆಡಲು ಹಿಡಿದುಕೊಂಡೇ ಇತ್ತು. ಅಪ್ಪ ನೇಯುತ್ತಿದ್ದರು! ಮಗ್ಗದ ಗುಂಡಿಯಲ್ಲಿ ಒಂದು ಕಾಲು ಇಳಿದರೆ ಇನ್ನೊಂದು ಏಳಲೇಬೇಕು. ಒಂದನ್ನೇ ತುಳಿದು ಹಿಡಿದುಕೊಂಡರೆ ಬಟ್ಟೆಯೇ ಇಲ್ಲ. ಮಗ್ಗ ಬಿಟ್ಟು ಇಷ್ಟು ವರ್ಷವಾದರೂ ಸುದ್ದಿ ಕೇಳುವಾಗ, ಮದುವೆ ಮನೆಯ ಬೆಂಚಿನಲ್ಲಿ ಕೂತಾಗ ಅವರ ಕಾಲುಗಳು ಹೀಗೆಯೇ ಆಡುವುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೋಡಿ ನೋಡಿ ಕಾಣದಂತಾಗಿತ್ತು, ಗಡಿಯಾರದ ಹಾಗೆ. ಮಧ್ಯಾಹ್ನವಿಡೀ ನಾನು ಗಾಳಿ ತೆಗೆದಿದ್ದೆ, ಅಪ್ಪ ಅದನ್ನು ತುಂಬಿಸಿ ನೇಯ್ದಿದ್ದರು.

ಹೇಳಿದಾಗ ಮೊದಲು ನಂಬಲಿಲ್ಲ. ಬಗ್ಗಿ ತಮ್ಮ ಕಾಲುಗಳನ್ನು, ಪರಿಚಯವಿದ್ದೂ ಹೆಸರು ನೆನಪಾಗದವರನ್ನು ನೋಡುವಂತೆ ನೋಡಿದರು. ಅವು ಅವರ ಕಣ್ಣೆದುರೇ ಒಂದು ಸಲ ನೇಯ್ದು ತೋರಿಸಿದವು. ಅಮ್ಮ ಬೆಳ್ಳುಳ್ಳಿ ಬಿಟ್ಟು ಬಂದು ನೋಡಿ, "ಎಷ್ಟು ಗಜ ಆಯ್ತುಂಗ? ರವಿಕೆಗಾದ್ರೂ ಬರುತ್ತಾ?" ಎಂದರು. ಅಪ್ಪನಿಗೂ ನಗು ತಡೆಯಲಿಲ್ಲ. ಕೆಳಗಿಳಿದು ಮಣೆಯ ಮೇಲೆ ಅವರು ಕೂತರು. ಯಜಮಾನರ ಸೀಟಿಗೆ ನಾನು ಏರಿದೆ.

"ತುಳಿ." ತುಳಿದೆ. "ಹಿಡಿ." ಹಿಡಿದೆ. ಹಿಡಿದುಕೊಳ್ಳುವುದು ನನಗೆ ಸಲೀಸು. ಮಾತು, ಸಿಟ್ಟು, ಆಸೆ, ಬಸ್ಸಿನಲ್ಲಿ ಕೆಮ್ಮು, ಎಲ್ಲವನ್ನೂ ಹಿಡಿದುಕೊಂಡೇ ಬೆಳೆದವಳು. ಈ ಗುಣಕ್ಕೆ ಒಂದು ಉಪಯೋಗವಿದೆ ಎಂದು ಆವತ್ತೇ ಗೊತ್ತಾದದ್ದು. "ಪರವಾಗಿಲ್ಲ, ಕಲ್ಲಿನ ಮೇಲೆ ಕಲ್ಲು ಇಟ್ಟಂಗಿದೆ," ಎಂದು ಚಕ್ರದ ಹಿಂದಿನಿಂದ ಅಪ್ಪನ ದನಿ ಮೆಚ್ಚಿತು. ಗುಳ್ಳೆಗಳು ಕಡಿಮೆಯಾಗುತ್ತಾ ಬಂದು ನಿಂತವು. ಹಿಂದಿನ ಎರಡು ಚಕ್ರಗಳು ಮುಗಿದವು, ಮುಂದಿನದೊಂದು ಮುಗಿಯಿತು. ಪ್ರತಿ ಚಕ್ರಕ್ಕೂ ಪೆಡಲು ನನ್ನ ಕಾಲಿನ ಕೆಳಗೆ ಗಟ್ಟಿಯಾಗುತ್ತಿತ್ತು, ಕಾರು ಒಂದೊಂದು ಮೈಲಿ ಕಾರಮಡೈ ಕಡೆಗೆ ಜಾರುತ್ತಿತ್ತು. ನಾನೇ ತುಳಿದು ತುಳಿದು ಅದನ್ನು ಗೌಡರ ಮನೆಗೆ ಕಳಿಸುತ್ತಿದ್ದೆ. ಕೊನೆಯದು ನನ್ನ ಬಾಗಿಲ ಪಕ್ಕದ ಚಕ್ರ. ಅಪ್ಪ ಅಲ್ಲೇ ಇದ್ದರು, ಆದರೆ ನನಗೆ ಅವರ ಮುಖ ಕಾಣುತ್ತಿರಲಿಲ್ಲ, ಅವರಿಗೆ ನನ್ನದೂ ಕಾಣುತ್ತಿರಲಿಲ್ಲ. ಗುಳ್ಳೆಯಿಲ್ಲದ ಎಣ್ಣೆ ಬಂತು. ಅಪ್ಪ ತಿರುಪು ಬಿಗಿದರು. "ಆಯ್ತು. ಬಿಡು."

ನಾನು ಬಿಡಲಿಲ್ಲ.

"ಬಿಡು, ಅಮ್ಮಣಿ."

ಕಾಲು ಏಳಲಿಲ್ಲ. ಅದು ಎದ್ದರೆ ಕೆಲಸ ಮುಗಿಯಿತು. "ಅಪ್ಪಾ, ಇದನ್ನ ಮಾರ್ಬೇಡಿ," ಎಂದೆ. ಎದುರಿಗೆ ಸ್ಟಿಯರಿಂಗ್ ಚಕ್ರ ಬಿಟ್ಟು ಯಾರೂ ಇರಲಿಲ್ಲವಾದ್ದರಿಂದ ಹೇಳಲು ಸಾಧ್ಯವಾಯಿತು.

"ಏನು?"

"ನಂಗೆ ಬೇಕು."

ನನ್ನ ದನಿ ಬಾನೆಟ್ಟನ್ನು ದಾಟಲಿಲ್ಲ ಅನ್ನಿಸುತ್ತದೆ. ಅಪ್ಪ ಜಗಲಿಯ ಕಡೆ ತಿರುಗಿ, "ಏನಂತೆ ಇವಳು?" ಎಂದರು. ಅಮ್ಮನಿಗೆ ಕೇಳಿಸಿತ್ತು. ಅಮ್ಮನಿಗೆ ಎಲ್ಲವೂ ಕೇಳಿಸುತ್ತದೆ. "ಅವ್ಳಿಗೆ ಬೇಕಂತೆ!" ಎಂದರು, ಹಾಸು ಎತ್ತಿಸುವ ಅದೇ ಗಂಟಲಿನಲ್ಲಿ.

ಎದುರುಮನೆಯಿಂದ ದೇವಕ್ಕ, "ಏನು ಬೇಕಂತೆ? ಮಾಪಿಳ್ಳೆಯಾ?"

"ಮದುವೆ ಗಂಡು ಕೇಳಿದ್ರೆ ಕರ್ಪೂರ ಹಚ್ತಿದ್ದೆನೇ! ವಂಡಿ ಬೇಕಂತೆ, ವಂಡಿ!"

ಬೀದಿಯ ತುದಿಯಲ್ಲಿ ಟೀ ಹುಯ್ಯುವುದು ನಿಂತಿತು. ಇಪ್ಪತ್ತಾರು ವರ್ಷ ಯಾರಿಗೂ ಕೇಳಿಸದ ಹಾಗೆ ಬದುಕಿದವಳ ಒಂದೇ ಒಂದು ಆಸೆ ಹೀಗೆ ಹಾಸಿನ ಹಾಗೆ ಬೀದಿಯುದ್ದಕ್ಕೂ ಹರಡಿಕೊಂಡಿತು. ಅಪ್ಪ ಎದ್ದು, ಕೈ ಒರೆಸಿಕೊಂಡು, ಬಾಗಿಲ ಬಳಿ ಬಂದು ನಿಂತರು. "ಗೌಡರಿಗೆ ಮಾತು ಕೊಟ್ಟಾಗಿದೆಯಲ್ಲ, ಅಮ್ಮಣಿ. ಮೊದ್ಲೇ ಹೇಳೋದಲ್ವಾ?"

"ಹೇಳೋಣ ಅಂತಿದ್ದೆ."

"ಯಾವಾಗಿಂದ?"

ನಾನು ಪೆಡಲನ್ನು ಇನ್ನಷ್ಟು ಒತ್ತಿ ಹಿಡಿದೆ. ಅಪ್ಪ ನನ್ನ ಕಾಲನ್ನು ನೋಡಿದರು. "ಸರಿ, ಈಗ ಕಾಲು ಬಿಡು. ನೋವು ಬರುತ್ತೆ," ಎಂದರು.

ಭಾನುವಾರ ಗೌಡರು ಒಂದು ಬಾಳೆಗೊನೆಯ ಜೊತೆ ಬಂದರು. ದೊಡ್ಡ ಮೈ, ದೊಡ್ಡ ಮೀಸೆ, ಹೆಗಲಲ್ಲಿ ಗರಿಗರಿ ಶಲ್ಯ. ಕಾರಿನೊಳಗೆ ಅವರು ಕೂತದ್ದು, ಚೀಲಕ್ಕೆ ಅಕ್ಕಿ ತುಂಬಿದಂತೆ, ಸ್ವಲ್ಪ ಕುಲುಕಿದ ಮೇಲೆಯೇ ಸರಿಹೋಯಿತು. ಅಪ್ಪ ಪಕ್ಕದಲ್ಲಿ ಕೂತರು. ನಾನು ಜಗಲಿಯಲ್ಲಿ ಪುಸ್ತಕ ಹಿಡಿದು ಕೂತೆ. ಗೌಡರು ಟ್ರಾಕ್ಟರಿನ ಅಭ್ಯಾಸದವರು. ಹೊರಟ ಕೂಡಲೇ ಸ್ಟಿಯರಿಂಗನ್ನು ಧಾರಾಳವಾಗಿ ತಿರುಗಿಸಿದರು. ಕಾರು ಅಷ್ಟೇ ಧಾರಾಳವಾಗಿ ಚರಂಡಿಯ ಕಡೆ ಹೊರಟಿತು. ಬ್ರೇಕನ್ನು ಒಂದೇ ಸಲ, ಟ್ರಾಕ್ಟರಿಗೆ ತುಳಿಯುವ ಹಾಗೆ ತುಳಿದರು. ನಾನು ಹಿಡಿದು ಕೊಟ್ಟ ಬ್ರೇಕು. ಕಾರು ನಿಂತ ಜಾಗದಲ್ಲೇ ಮೊಳೆ ಹೊಡೆದ ಹಾಗೆ ನಿಂತಿತು. ಗೌಡರ ಶಲ್ಯ ಹಾರಿ ಮುಂದಿನ ಗಾಜಿಗೆ ಅಂಟಿಕೊಂಡಿತು. ಹಿಂದೆ ಇಟ್ಟಿದ್ದ ಬಾಳೆಗೊನೆ ಎದ್ದು ಬಂದು ಇಬ್ಬರ ನಡುವೆ ಕೂತಿತು.

ಇಳಿದ ಗೌಡರು ಕಾರನ್ನು ಒಂದು ಸುತ್ತು ಬಂದರು. "ಏನಣ್ಣ ಮಾಡಿಬಿಟ್ರಿ ಇದನ್ನ? ಆವತ್ತು ಕೂತಾಗ ತೊಟ್ಟಿಲಂಗಿತ್ತು. ತೂಗ್ಕೊಂಡು ತೂಗ್ಕೊಂಡು ಹೋಗ್ತಿತ್ತು, ನಿಲ್ಲೋದು ಕೂಡ ಮೆತ್ತಗೆ, ಯೋಚ್ನೆ ಮಾಡಿ ನಿಲ್ತಿತ್ತು. ನಿದ್ದೆನೇ ಬಂದಿತ್ತು ನಂಗೆ. ಇದು ಕಚ್ಚೋ ನಾಯಿ ಆಗಿದೆ."

"ರಿಪೇರಿ ಮಾಡ್ಸಿದ್ವಿ, ಗೌಡ್ರೇ."

"ಅದನ್ನೇ ಹೇಳ್ತಿರೋದು. ಮೊದ್ಲಿನಂಗೆ ಮಾಡ್ಕೊಡಿ, ಈಗ್ಲೇ ತಗೊಂಡ್ಹೋಗ್ತೀನಿ. ಆ ಹಳೇ ಸಾಮಾನು ಇರ್ಬೇಕಲ್ಲ?"

ಹಳೆಯ ಬುಷ್ ಇದ್ದ ಬಿಸ್ಕತ್ತಿನ ಡಬ್ಬಿ ಅಪ್ಪನ ಭುಜದ ಹಿಂದೆಯೇ, ಜಗಲಿಯ ಕಿಟಕಿಯಲ್ಲಿತ್ತು. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ, ಪುಟವನ್ನೂ ತಿರುಗಿಸಲಿಲ್ಲ. ಜೀವನದಲ್ಲಿ ಒಂದು ಹಳೆಯ ಅಂಗಿಗುಂಡಿಯನ್ನೂ ಎಸೆಯದ ಅಪ್ಪ ಮೀಸೆ ತಿರುವಿಕೊಂಡು, "ಎಲ್ಲಿಂದ ಬರುತ್ತೆ, ಗೌಡ್ರೇ? ಆವತ್ತೇ ಎಸೆದುಬಿಟ್ಟೆ," ಎಂದರು. ಅಮ್ಮ ಕಾಫಿ ತರುವ ನೆಪದಲ್ಲಿ ಬಂದು ಕಿಟಕಿಗೆ ಅಡ್ಡವಾಗಿ ನಿಂತರು. ಗೌಡರು ಕಾಫಿ ಕುಡಿದು, ನಮ್ಮ ಮೇಲೆ ಅನುಕಂಪದಿಂದ, ಬಸ್ಸಿಗೆ ಹೋದರು. ಬಾಳೆಗೊನೆ ಬಿಟ್ಟುಹೋದರು.

ಈಗ ನಾನೇ ಕಾಲೇಜಿಗೆ ಕಾರು ಓಡಿಸಿಕೊಂಡು ಹೋಗುತ್ತೇನೆ. ಬುಧವಾರಗಳಂದು ಅಪ್ಪ ನೂಲಿಗೆಂದು ಜೊತೆಗೆ ಬರುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು, ಇಲ್ಲದ ಪೆಡಲುಗಳ ಮೇಲೆ ಊರು ಮುಟ್ಟುವವರೆಗೆ ಒಂದು ಪಂಚೆಯಷ್ಟಾದರೂ ನೇಯುತ್ತಾರೆ. ಬ್ರೇಕು ಒಂದೇ ತುಳಿತಕ್ಕೆ ನಿಲ್ಲುತ್ತದೆ, ದೇವಕ್ಕನ ಹಾಸಿನಿಂದ ಗೌರವದ ದೂರದಲ್ಲಿ. ಎಲ್ಲವೂ ಚೆನ್ನಾಗಿದೆ. ಒಂದೇ ತೊಂದರೆ. ಅಪ್ಪನಿಗೆ ಹೇಳಬೇಕಾದ ಇನ್ನೊಂದು ವಿಷಯ ಈಗ ನನ್ನಲ್ಲಿ ಸೇರಿಕೊಂಡಿದೆ. ಅದೇನೆಂದು ಇಲ್ಲಿ ಬರೆಯುವುದಿಲ್ಲ. ಆ ಶನಿವಾರ ಎದುರುಮನೆಯಿಂದ ದೇವಕ್ಕ ಕೂಗಿದ ಮೊದಲ ಊಹೆ ಅಷ್ಟೇನೂ ತಪ್ಪಾಗಿರಲಿಲ್ಲ ಎಂದಷ್ಟೇ ಹೇಳಬಹುದು. ಮುಖ ನೋಡಿ ಹೇಳುವುದು ನನ್ನಿಂದ ಆಗದು. ಅಪ್ಪ ಚಕ್ರದ ಹಿಂದೆ ಕೂತಿರಬೇಕು, ನನ್ನ ಕಾಲು ಪೆಡಲಿನ ಮೇಲಿರಬೇಕು. ಆದರೆ ಉಕ್ಕಡಂನಿಂದ ತಂದ ಆ ರಬ್ಬರುಗಳು ಬಹಳ ಗಟ್ಟಿ, ಸದ್ಯಕ್ಕೆ ಸವೆಯುವಂತೆ ಕಾಣುವುದಿಲ್ಲ. ಆದರೂ ದಿನವೂ ಬೆಳಿಗ್ಗೆ, ಎಂಜಿನ್ನು ಚಾಲೂ ಮಾಡುವ ಮೊದಲು, ಬ್ರೇಕು ಸ್ವಲ್ಪವಾದರೂ ಮೆತ್ತಗಾಗಿದೆಯೇನೋ ಎಂಬ ಆಸೆಯಿಂದ ಒಂದು ಸಲ ತುಳಿದು ನೋಡುತ್ತೇನೆ.